ದನಿ ಹೋಗದ ಶುಕ್ರವಾರ

ಅಪ್ಪನ ಮಣ್ಣಿಗೆ ಮೂರನೇ ದಿನದ ಹಾಲು ಬಿಟ್ಟು ಬಂದವನೇ ಗುರುನಾಥ ತನ್ನ ಇಂಟರ್ನೆಟ್ ಅಂಗಡಿಯ ಬಾಗಿಲು ತೆಗೆದ. ಯರಗಟ್ಟಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸತರಲ್ಲಿ ಬಸ್‌ಸ್ಟ್ಯಾಂಡಿನ ಎದುರು ಹಾಕಿದ ಅಂಗಡಿ. ಬಂಧುಗಳು ಏನಾದರೂ ಅಂದುಕೊಳ್ಳಲಿ, ಮನೆಯಲ್ಲಿ ಕೂತು ಮಾಡುವುದಾದರೂ ಏನಿತ್ತು? ಅಳು ಬರಬೇಕಿತ್ತು, ಬಂದಿರಲಿಲ್ಲ.

ಕಂಪ್ಯೂಟರ್ ಚಾಲೂ ಆಗುತ್ತಿದ್ದಂತೆ ಅಕ್ಕ ಮಾಲಾ ಚಾಟಿನಲ್ಲಿ ಬರೆದದ್ದು ಪರದೆಯ ಮೇಲೆ ಮೂಡಿತು. ಅವಳು ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನರ್ಸ್. ರಜೆ ಸಿಗದೆ ಮಣ್ಣಿಗೂ ಬರಲಾಗಿರಲಿಲ್ಲ.

"ಗುರು, ಇವತ್ತರ ದನಿ ಬರೂಹಂಗ ಮಾಡೋ. ಅಪ್ಪನ ಬಗ್ಗೆ ಒಂದ ಮಾತ ಕೇಳೂದೈತಿ. ಬರದ ಕೇಳಾಕ ಆಗಂಗಿಲ್ಲ, ಫೋನಿಗೆ ರೊಕ್ಕ ಭಾಳ."

ಹೋದ ಶುಕ್ರವಾರದಿಂದ ಹೀಗೇ ಆಗಿತ್ತು. ಅಕ್ಷರ ಹೋಗುತ್ತಿತ್ತು, ಕ್ಯಾಮೆರಾದ ಚಿತ್ರವೂ ಹೋಗುತ್ತಿತ್ತು, ದನಿ ಮಾತ್ರ ಎರಡೂ ಕಡೆ ಇಲ್ಲ. ಅವತ್ತು ಅಪ್ಪ ಲಗಮಪ್ಪ ಪ್ರತಿ ಶುಕ್ರವಾರದ ವಾಡಿಕೆಯಂತೆ ಒಗೆದ ಅಂಗಿ ತೊಟ್ಟು ಬಂದು, ಮಗಳ ಮುಖ ಕಂಡದ್ದೇ ಮೈಕಿಗೆ ಬಾಯಿ ಹಚ್ಚಿ ಕೂತಿದ್ದ. "ನೀ ಮಾತಾಡಕೋತ ಇರಪಾ, ನಾ ವಾಯರ್ ನೋಡತೇನಿ" ಎಂದು ಗುರುನಾಥ ಟೇಬಲ್ಲಿನ ಕೆಳಗೆ ನುಸುಳಿದ್ದ. ವಾಯರ್ ಬದಲಾಯಿತು, ಹೆಡ್‌ಫೋನೂ ಬದಲಾಯಿತು. ದನಿ ಹೋಗಲಿಲ್ಲ. "ಆ ಕಡಿ ಸರ್ವರ್ ಕೆಟ್ಟೈತಿ, ಮುಂದಿನ ಶುಕ್ರವಾರ ಬಾ" ಎಂದು ಅಪ್ಪನನ್ನು ಕಳಿಸಿಬಿಟ್ಟ. ಮಂಗಳವಾರ ಎದೆನೋವು ಎಂದು ಮಲಗಿದ ಲಗಮಪ್ಪ ಮತ್ತೆ ಏಳಲಿಲ್ಲ.

ಈಗ ಗುರುನಾಥ ಅವತ್ತೇ ಮಾಡಬೇಕಾಗಿದ್ದ ಕೆಲಸ ಮಾಡಿದ. ಚಾಟ್ ಕಂಪನಿಯ ಸರ್ವರನ್ನು ಒಂದೊಂದೇ ಪೋರ್ಟಿನ, ಅಂದರೆ ಮಾಹಿತಿ ದಾಟುವ ಬಾಗಿಲಿನ, ನಂಬರ್ ಹಾಕಿ ಕರೆದು ನೋಡಿದ. ವೆಬ್ ಪುಟಗಳು ಬರುವ ಎಂಬತ್ತನೇ ಪೋರ್ಟ್ ತಕ್ಷಣ ಓಗೊಟ್ಟಿತು. ಅಕ್ಷರ, ಚಿತ್ರ ಅದರಲ್ಲೇ ದಾಟುತ್ತಿದ್ದವು. ದನಿಯ ಪೋರ್ಟ್ ತುಟಿಪಿಟಕ್ಕೆನ್ನಲಿಲ್ಲ. ಅಂಗಡಿಯ ಕಂಪ್ಯೂಟರುಗಳಿಗೆಲ್ಲ ಲೈನ್ ಹಂಚುವ ರೂಟರ್ ಬಿಟ್ಟು ನೇರ ಮೋಡೆಮ್ಮಿಗೇ ವಾಯರ್ ಸಿಕ್ಕಿಸಿದ. ಆಗ ದನಿಯ ಪೋರ್ಟೂ ಓಗೊಟ್ಟಿತು.

ಸರ್ವರಿಗೆ ಏನೂ ಆಗಿರಲಿಲ್ಲ. ಆ ಶುಕ್ರವಾರ ಮುಂಜಾನೆ, ಕಾಲೇಜು ಹುಡುಗರು ಸಿನಿಮಾ ಇಳಿಸಿಕೊಂಡು ಲೈನೆಲ್ಲ ನುಂಗುತ್ತಾರೆಂದು ಸಿಟ್ಟಿಗೆದ್ದು, ವೆಬ್ ಪುಟಕ್ಕೆ ಬೇಕಾದಷ್ಟನ್ನು ಬಿಟ್ಟು ಉಳಿದ ಪೋರ್ಟ್‌ಗಳನ್ನೆಲ್ಲ ರೂಟರಿನಲ್ಲಿ ಮುಚ್ಚಿದವನು ಅವನೇ. ಮುಚ್ಚಿದ್ದನ್ನು ಮರೆತೂಬಿಟ್ಟಿದ್ದ. ಎಂಥ ಜಾಣ!

ವಾಯರನ್ನು ಮೊದಲಿನಂತೆ ಸಿಕ್ಕಿಸಿ, ರೂಟರಿನಲ್ಲಿ ದನಿಯ ಪೋರ್ಟ್ ತೆರೆದ. ಹೆಡ್‌ಫೋನಿನಲ್ಲಿ ಮಾಲಾಳ ಉಸಿರು ಕೇಳಿತು. ಅವನಿಗೆ ಚೂರೂ ಸಂತೋಷವಾಗಲಿಲ್ಲ.

"ಬಂತಲ್ಲೋ ಗುರು! ಈಗ ಹೇಳ. ಅವತ್ತ ಅಪ್ಪ ಅಷ್ಟೊತ್ತು ಏನ್ ಮಾತಾಡಿದಾ? ನಕ್ಕಾ, ಆಮ್ಯಾಲ ಕಣ್ಣ ಒರಸ್ಕೊಂಡಾ. ನಾ ಬರೇ ಬಾಯಿ ಆಡೂದ ನೋಡಿದ್ನಿ. ನೀ ಬಾಜೂಕ ಇದ್ದೆಲ್ಲಾ."

ಬಾಜೂಕ ಇದ್ದದ್ದು ನಿಜ. ಟೇಬಲ್ಲಿನ ಕೆಳಗೆ, ವಾಯರಿಗೆ ಬೈಯುತ್ತ. ಅಪ್ಪನ ಧೂಳು ಹಿಡಿದ ಚಪ್ಪಲಿ ಕಂಡದ್ದು ನೆನಪಿತ್ತು. ಒಂದು ಮಾತೂ ಕಿವಿಗೆ ಹಾಕಿಕೊಂಡಿರಲಿಲ್ಲ.

"ಗುರು? ನನ್ನ ದನಿ ಕೇಳಾಕತ್ತೈತಿಲ್ಲೋ?"

"ಕೇಳಾಕತ್ತೈತಿ ಅಕ್ಕಾ" ಎಂದ ಗುರುನಾಥ.