ಅರವತ್ತೊಂಬತ್ತರ ಕುಸ್ತಿ

"ಫೋಟೋ ಇರ್ಲಿ, ಕೆಳಗ ಏನ್ ಬರದಾರ ಓದು," ಎಂದ ಸಿದರಾಯ.

ಸದಲಗಾದ ಮನೆಯ ಪಡಸಾಲೆಯಲ್ಲಿ ಮೊಮ್ಮಗಳು ಕೋಮಲ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಯಾರೋ ಪುಣ್ಯಾತ್ಮರು ಹಳೆಯ ಮರಾಠಿ ಪತ್ರಿಕೆಗಳನ್ನೆಲ್ಲ ಇಂಟರ್‌ನೆಟ್ಟಿಗೆ ಹಾಕಿದ್ದರು. ಹೆಸರು ಬರೆದು ಹುಡುಕಿದರೆ ಐವತ್ತು ವರ್ಷದ ಹಿಂದಿನ ಪುಟವೂ ಎದ್ದು ಬರುತ್ತಿತ್ತು. ಮೂರು ದಿನ ತಡಕಾಡಿ ಅವಳು ೧೯೬೯ರ ನಿಪ್ಪಾಣಿಯ ಕುಸ್ತಿಯನ್ನು ಹಿಡಿದಿದ್ದಳು. ಮುದುಕನಿಗೆ ಓದು ಅಷ್ಟಕ್ಕಷ್ಟೇ, ಈಗ ಕಣ್ಣೂ ಮಂಜು. ಲಂಗೋಟಿ ಬಿಗಿದು ನಿಂತ ತನ್ನನ್ನು ಪರದೆಗೆ ಮೂಗು ತಾಗಿಸಿ ನೋಡಿ, ಪರವಾಗಿಲ್ಲ, ಹುಲಿಯಂತೆಯೇ ಇದ್ದೆ ಅಂದುಕೊಂಡ.

ಆ ಹುಲಿ ಅಂದು ನಾಲ್ಕೇ ನಿಮಿಷದಲ್ಲಿ ಚಿತ್ತಾಗಿತ್ತು. ಯಾಕೆಂದು ಸಿದರಾಯನಿಗೆ ಗೊತ್ತಿತ್ತು, ಅವನ ಗುರು ಬಾಪುಸಾಹೇಬ ವಸ್ತಾದರಿಗೆ ಗೊತ್ತಿತ್ತು. ಎದುರಾಳಿ ವಸ್ತಾದರ ಅಳಿಯನಾಗುವವನಿದ್ದ. ಬೀಗರೆದುರು ನನ್ನ ಮಾನ ಉಳಿಸು, ಬೀಳು ಎಂದು ಹಿಂದಿನ ದಿನ ಅವರು ಕೈ ಹಿಡಿದು ಕೇಳಿಕೊಂಡಿದ್ದರು. ಸಿದರಾಯ ಬಿದ್ದ. ಹೆಂಡತಿಯ ಮುಂದೂ ಬಾಯಿ ಬಿಡಲಿಲ್ಲ, ಮತ್ತೆಂದೂ ಕಣಕ್ಕಿಳಿಯಲಿಲ್ಲ. ಊರು ನಕ್ಕಾಗಲೆಲ್ಲ, ಗುರುವಿಗಾದರೂ ಗೊತ್ತಲ್ಲ ಎಂದು ನಲವತ್ತೇಳು ವರ್ಷ ನುಂಗಿಕೊಂಡ.

ಓದುತ್ತ ಓದುತ್ತ ಕೋಮಲ ತಡವರಿಸಿದಳು. ಕುಸ್ತಿ ಮುಗಿದ ಮೇಲೆ ವಸ್ತಾದರು ಪತ್ರಿಕೆಯವರಿಗೆ ಹೇಳಿದ್ದರು: ಹುಡುಗ ಹೇಡಿ, ಎದುರಾಳಿಯನ್ನು ಕಂಡೇ ಅವನ ಕಾಲು ನಡುಗಿದವು, ಅವನನ್ನು ನನ್ನ ಶಿಷ್ಯನೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಸಿದರಾಯನಿಗೆ ಊರು ನಕ್ಕದ್ದು ಇದರ ಮುಂದೆ ಏನೂ ಅಲ್ಲ ಅನ್ನಿಸಿತು.

"ಬೀಳಂತ ಹೇಳಿದಾಂವ ಅಂವನ," ಎಂದ. ನಡೆದದ್ದನ್ನೆಲ್ಲ ಹೇಳಿ ಮುಗಿಸಿ, "ಮುಂದ ಎಂದಾರ ಖರೇ ಹೇಳಿರಬೇಕು. ಹುಡುಕವಾ," ಎಂದ.

ಅವಳು ವರ್ಷ ವರ್ಷ ಹುಡುಕಿದಳು. ವಸ್ತಾದರ ಸನ್ಮಾನ ಸಿಕ್ಕಿತು, ಅಳಿಯ ಗದೆ ಗೆದ್ದದ್ದು ಸಿಕ್ಕಿತು. ಸಿದರಾಯನ ಸುದ್ದಿ ಎಲ್ಲೂ ಇರಲಿಲ್ಲ. ಕೊನೆಗೆ ೧೯೯೧ರಲ್ಲಿ ವಸ್ತಾದರು ತೀರಿಕೊಂಡ ವಾರ್ತೆ ಬಂತು. ಅದರಲ್ಲಿ ಅವರ ಹೆಸರಾಂತ ಹದಿನಾಲ್ಕು ಮಂದಿ ಶಿಷ್ಯರ ಪಟ್ಟಿಯಿತ್ತು. ಓದಿದಳು. ಅವನ ಹೆಸರಿರಲಿಲ್ಲ.

"ಇನ್ನೊಮ್ಮೆ ಓದು."

ಕೋಮಲ ಓದಿದಳು. ಒಂಬತ್ತನೆಯ ಹೆಸರಾದ ಮೇಲೆ ದನಿ ತಗ್ಗಿಸಿ, ಸದಲಗಾದ ಸಿದರಾಯ ಎಂದೂ ಸೇರಿಸಿದಳು.

ಮುದುಕ ಅವಳ ಮೊಣಕೈ ಮೇಲೆ ಕೈಯಿಟ್ಟ.

"ನೀನೂ ಸುಳ್ಳ ಹೇಳಬ್ಯಾಡವಾ."

ಕೋಮಲ ಹದಿನಾಲ್ಕೂ ಹೆಸರನ್ನು ಮೊದಲಿನಿಂದ ಓದಿದಳು.