ಕೆಂಪು ಚುಕ್ಕೆ ಬೆನ್ನಟ್ಟಿದಾಗ

ವೆಲ್ಡಿಂಗ್ ಕೆಲಸದ ಅಕ್ಕನನ್ನು ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿಸಲು ಕರೆತಂದದ್ದೇ ತಂಗಿಯ ಬುದ್ಧಿಗೇಡಿತನ. ಯಂತ್ರ ನಡೆಸುವವನು ಕೇಳಿದ್ದು ಒಂದೇ ಪ್ರಶ್ನೆ: "ಕಣ್ಣಿಗೆ ಯಾವತ್ತಾದ್ರೂ ಕಬ್ಬಿಣದ ಚೂರು ಹಾರಿದ್ಯಾ?"

"ಹಾರದೆ? ನಮ್ಮ ಕೆಲಸದಲ್ಲಿ ಹೂವು ಹಾರುತ್ತಾ?" ಎಂದಳು ಅಕ್ಕ.

"ಹಾಗಾದ್ರೆ ಬಿಡೋದಿಲ್ಲ. ಒಳಗಿರೋದು ಅಯಸ್ಕಾಂತ. ಒಂದು ಚೂರು ಉಳಿದಿದ್ರೂ ಕಣ್ಣು ಹೋಗುತ್ತೆ."

ಅಪಾಯ ಹತ್ತಿರ ಬಂದಾಗ ನಡುಮಿದುಳು ಏನು ಮಾಡುತ್ತದೆ ಎಂಬುದನ್ನು ಚಿತ್ರದಲ್ಲಿ ಹಿಡಿಯಲು, ಪರದೆಯ ಮೇಲೆ ಕೆಂಪು ಚುಕ್ಕೆಯೊಂದು ಆಡುವವರ ನೀಲಿ ಚುಕ್ಕೆಯನ್ನು ಬೆನ್ನಟ್ಟುವ ಆಟ ಕಟ್ಟಿಕೊಂಡು, ತಂಗಿ ಎರಡು ವರ್ಷ ಒದ್ದಾಡಿದ್ದಳು. ಹಿಡಿಯಬೇಕಾದ ಜಾಗ ಬಟಾಣಿಕಾಳಿನಷ್ಟು. ಹಿಂದೆ ಮಲಗಿದವರೆಲ್ಲ ಬೆಚ್ಚಿ ತಲೆ ಅಲ್ಲಾಡಿಸಿ ಚಿತ್ರ ಕಲಸಿಟ್ಟಿದ್ದರು. ಯಾವುದಕ್ಕೂ ಜಗ್ಗದ ಅಕ್ಕನಾದರೂ ಅಲುಗದೆ ಮಲಗುತ್ತಾಳೆಂದು ನಂಬಿದ್ದಳು. ಇವತ್ತೂ ಆಗದಿದ್ದರೆ ಯಂತ್ರವನ್ನು ಬೇರೆಯವರಿಗೆ ಬಿಟ್ಟುಕೊಡುವುದಾಗಿ ಪ್ರೊಫೆಸರ್ ಖಡಾಖಂಡಿತವಾಗಿ ಹೇಳಿ, ಕೈಕಟ್ಟಿ ಕೂತಿದ್ದರು.

"ನಾನೇ ಮಲಗ್ತೀನಿ," ಎಂದಳು ತಂಗಿ.

ಪ್ರೊಫೆಸರ್ ಮೂಗು ಮುರಿದರು. "ಆಟ ಕಟ್ಟಿದವಳೇ ನೀನು. ಕೆಂಪು ಚುಕ್ಕೆ ಎಲ್ಲೆಲ್ಲಿ ತಿರುಗುತ್ತೆ ಅನ್ನೋದು ನಿನಗೆ ಬಾಯಿಪಾಠ. ಹೆದರಿದ ಹಾಗೇ ಇದೆ."

"ಚುಕ್ಕೆ ಓಡಿಸೋದು ಅಕ್ಕ, ಸರ್. ಚಿಕ್ಕಂದಿನಲ್ಲಿ ಮನೆ ಸುತ್ತ ಅಟ್ಟಾಡಿಸಿ ಹೊಡೀತಿದ್ಲು."

"ನಿನ್ನ ಘನಕಾರ್ಯಕ್ಕೆ ಮುತ್ತಿಡ್ಬೇಕಿತ್ತಾ?" ಅಕ್ಕ ಆಗಲೇ ಗುಂಡಿಗಳ ಮುಂದೆ ಕೂತು ತೋಳೇರಿಸುತ್ತಿದ್ದಳು.

ತಂಗಿಯ ತಲೆಯ ಎರಡೂ ಬದಿಗೆ ದಿಂಬು ಒತ್ತಿದರು. ಕೈಯಲ್ಲಿ ನೀಲಿ ಚುಕ್ಕೆ ಓಡಿಸುವ ಗುಂಡಿ, ಕಾಲಿನ ಹೆಬ್ಬೆರಳಿಗೆ ತಂತಿ; ಕೆಂಪು ಚುಕ್ಕೆ ಅವಳ ನೀಲಿ ಚುಕ್ಕೆಯನ್ನು ಮುಟ್ಟಿದರೆ ಕರೆಂಟು ಚುರ್ ಎನ್ನುತ್ತದೆ. ಎಷ್ಟು ಚುರ್ ಎನ್ನಬೇಕೆಂದು ಗೊತ್ತುಮಾಡಿದವಳೂ ಅವಳೇ.

ಯಂತ್ರ ತಗಡು ಬಡಿದಂತೆ ಸದ್ದು ಮಾಡತೊಡಗಿತು. ಕಣ್ಣೆದುರಿನ ಪರದೆಯ ಆಚೆ ಮೂಲೆಯಲ್ಲಿ ಕೆಂಪು ಚುಕ್ಕೆ. ಎಡಕ್ಕೆ ಹೋಗಲೋ, ಬಲಕ್ಕೋ ಎಂದು ಅವಳು ಲೆಕ್ಕ ಹಾಕುತ್ತಿದ್ದಳು. ಚುಕ್ಕೆ ಅಲುಗಲಿಲ್ಲ. ಅಕ್ಕ ಹೀಗೇ ಅಲ್ಲವೇ, ಪಾಪಿ, ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ಕಾಯುತ್ತಿದ್ದದ್ದು?

ಸರ್ರನೆ ನುಗ್ಗಿತು ಕೆಂಪು. ಲೆಕ್ಕವೆಲ್ಲ ಹಾರಿಹೋಯಿತು. ಬೆರಳು ತಾನಾಗಿ ಗುಂಡಿ ಒತ್ತಿತು, ಗಂಟಲಿಗೆ ಬಂದ ಕಿರುಚಾಟವನ್ನು ಹಲ್ಲು ಕಚ್ಚಿ ನುಂಗಿದಳು. ತಲೆ ಮಾತ್ರ ಕಲ್ಲು. ಚುರ್. ಮತ್ತೆ ಆಟ. ಮತ್ತೆ ಮತ್ತೆ.

ಹೊರಬಂದವಳು ಬರಿಗಾಲಲ್ಲೇ ಕಂಪ್ಯೂಟರಿನ ಮುಂದೆ ನಿಂತಳು. ಮೊದಲು ಬಂದದ್ದು ಚುಕ್ಕೆ ದೂರವಿದ್ದಾಗಿನ ಚಿತ್ರ: ಹಣೆಯ ಹಿಂದೆ, ಲೆಕ್ಕ ಹಾಕುವ ಕಡೆ, ಬಣ್ಣ; ನಡುಮಿದುಳು ಖಾಲಿ. ಆಮೇಲೆ ಹತ್ತಿರ ಬಂದಾಗಿನದು. ಒಂದಿಷ್ಟೂ ಕಲಸಿರಲಿಲ್ಲ. ಸರಿಯಾಗಿ ನಡುಮಿದುಳಿನಲ್ಲೇ ಕಿತ್ತಳೆ ಬಣ್ಣ ನಿಗಿನಿಗಿ ಉರಿಯುತ್ತಿತ್ತು.

"ಎಲ್ಲ ಗೊತ್ತಿದ್ದೂ," ಅವಳು ಆ ಕಿತ್ತಳೆಗೆ ಬೆರಳಿಟ್ಟಳು, "ಎಲ್ಲ ಗೊತ್ತಿದ್ದೂ ಹೆದರಿದೆ, ಸರ್."

ಪ್ರೊಫೆಸರ್ ಪರದೆಗೆ ಮೂಗು ತಾಗಿಸಿ ನೋಡಿದರು. "ಒಬ್ಬಳ ಚಿತ್ರದಿಂದ ಏನೂ ಸಾಬೀತಾಗಲ್ಲ," ಎಂದು ಗುರುಗುಟ್ಟಿದರು. "ಯಂತ್ರ ಸದ್ಯಕ್ಕೆ ನಿನ್ನ ಹತ್ರಾನೇ ಇರಲಿ. ಇನ್ನೂ ಇಪ್ಪತ್ತು ಜನರನ್ನ ಮಲಗಿಸು."

ತಂಗಿ ಅಕ್ಕನ ಕುತ್ತಿಗೆಗೆ ಜೋತುಬಿದ್ದಳು. ಅವಳನ್ನು ಕೊಡವಿಕೊಂಡು ಅಕ್ಕ ಮತ್ತೆ ಗುಂಡಿಗಳ ಮುಂದೆ ಕುರ್ಚಿ ಎಳೆದುಕೊಂಡಳು.

"ಮೊದಲನೆಯವರು ನೀವೇ ಬನ್ನಿ, ಸಾರ್."