ಡಾಕ್ಟರ ಮುಂದೆ ನೆಟ್ಟಗಾಗುವ ಕಣ್ಣು

ಕೌದಿ ಹೊಲಿಯುತ್ತಿದ್ದ ವೀರವ್ವ ಸೂಜಿ ಕೈಬಿಟ್ಟು ಬಲಗಣ್ಣು ಹಿಡಿದುಕೊಂಡಳು. ಮತ್ತೆ ಅದೇ ಚುಚ್ಚು, ಕಣ್ಣಿಗೆ ಮರಳು ಹಾಕಿ ಉಜ್ಜಿದ ಹಾಗೆ. ಅರವತ್ತೆಂಟರ ಮುದುಕಿ ಮೂರು ತಿಂಗಳಿಂದ ಹೇಳಿದ್ದನ್ನೇ ಹೇಳುತ್ತಿದ್ದಳು. ಹಿರೇಬೆಂಡಿಗೇರಿಯ ಆ ಮನೆಯಲ್ಲಿ ನಂಬುವವರೇ ಇರಲಿಲ್ಲ.

“ಕೆಲಸ ಬಂದಾಗಷ್ಟ ಅತ್ತಿಯವರಿಗೆ ಕಣ್ಣು ನೋಯತೈತಿ,” ಎಂದಳು ಸೊಸೆ ಮಹಾದೇವಕ್ಕ.

ಸೊಸೆಯೊಬ್ಬಳನ್ನೇ ದೂರಿ ಏನು ಬಂತು? ಮಗ ಭರಮಪ್ಪ ಎರಡು ಸಲ ಚಕ್ಕಡಿ ಹೂಡಿ ಶಿಗ್ಗಾಂವಿಯ ಡಾಕ್ಟರ ಹತ್ತಿರ ಕರೆದೊಯ್ದಿದ್ದ. ಎರಡು ಸಲವೂ ಅವರು ನೋಡಿ, “ಏನೂ ಇಲ್ಲ, ವಯಸ್ಸಾಗೇತಿ,” ಎಂದು ಕಳಿಸಿದ್ದರು.

ಮೂರನೆಯ ಸಲ ಹೊರಟದ್ದು ೧೯೩೮ರ ಮುಂಗಾರಿನಲ್ಲಿ, ಬಿತ್ತನೆಯ ದಿನ. ಹೊಲದ ಕೆಲಸ ಬಿಟ್ಟು ಬರಬೇಕಾಯಿತೆಂದು ಭರಮಪ್ಪನಿಗೆ ಸಿಟ್ಟಿನಿಂದ ಮೈಯೆಲ್ಲ ಉರಿ. ಡಾಕ್ಟರ ಬಾಗಿಲಲ್ಲಿ ವೀರವ್ವ ಎಂದಿನಂತೆ ಮುಖ ತೊಳೆದು, ಸೆರಗಿನಿಂದ ಕಣ್ಣನ್ನು ಕೆಳಕ್ಕೆ ಎಳೆದೆಳೆದು ಒರಸಿಕೊಂಡು ಒಳಗೆ ಹೋದಳು. ಡಾಕ್ಟರದು ಮತ್ತೆ ಅದೇ ಮಾತು.

“ದಿನಾ ಮಂಜಾಗಾಕತ್ತೈತ್ರಿ. ಕಣ್ಣು ಹೋದ್ರ ನಾ ಏನ ಮಾಡ್ಲಿ?” ಎಂದಳು ವೀರವ್ವ.

“ನಾಟಕ ಸಾಕ ಮಾಡಬೇ ಯವ್ವಾ!” ಭರಮಪ್ಪ ಎಲ್ಲರೆದುರು ಕೂಗಿದ. “ಇನ್ನೊಮ್ಮೆ ಕರಕೊಂಡು ಬರಾಂಗಿಲ್ಲ ನಾ.”

ವೀರವ್ವನಿಗೆ ದುಃಖ ತಡೆಯಲಾಗಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿ ಅತ್ತಳು. ತೆರೆದಾಗ ಬಲಗಣ್ಣಿನ ಕೆಳರೆಪ್ಪೆ ಒಳಕ್ಕೆ ಮಡಚಿಕೊಂಡಿತ್ತು. ರೆಪ್ಪೆಗೂದಲು ಗುಡ್ಡೆಯನ್ನೇ ಉಜ್ಜುತ್ತಿದ್ದವು. ಅವಳು ಸೆರಗು ಎತ್ತಿದಳು.

“ತಡೀರಿ, ಒರಸಬ್ಯಾಡ್ರಿ!” ಡಾಕ್ಟರು ಅವಳ ಕೈ ಹಿಡಿದರು. “ಪ್ರತಿ ಸಲಾನೂ ಒರಸಿಕೊಂಡ ಒಳಗ ಬಂದೀರೇನ್ರಿ?”

“ಹೂಂನ್ರಿ. ನೀರು ಸುರಿಯೋ ಕಣ್ಣಿಲೆ ದೊಡ್ಡವರ ಮುಂದ ಹೆಂಗ ನಿಂದರ್ಲಿ?”

“ಎಳದು ಒರಸಿದ್ರ ರೆಪ್ಪಿ ನೆಟ್ಟಗಾಗತೈತಿ. ವಯಸ್ಸಿಗೆ ಸಡಲ ಬಿದ್ದೈತಿ ಅದು. ಬಿಗಿಯಾಗಿ ಮುಚ್ಚಿ ತಗೀರಿ ಅಂತ ನಾನ ಹೇಳಬೇಕಿತ್ತು. ತಪ್ಪು ನಂದು.”

ಸದ್ಯಕ್ಕೆ ರೆಪ್ಪೆಯನ್ನು ಕೆಳಕ್ಕೆಳೆದು ಪಟ್ಟಿ ಅಂಟಿಸಿದರು. ಹುಬ್ಬಳ್ಳಿಯಲ್ಲಿ ಸಣ್ಣ ಆಪರೇಶನ್ ಮಾಡಿಸಿದರೆ ಕಣ್ಣು ಉಳಿಯುತ್ತದೆ ಎಂದರು. ವೀರವ್ವನಿಗೆ ಸಮಾಧಾನವಾಗಲಿಲ್ಲ, ಸಿಟ್ಟೇ ಬಂತು.

“ಇದು ಬ್ಯಾನಿ ಅಂತ ಒಂದ ಚೀಟಿ ಬರದ ಕೊಡ್ರಿ ಸಾಹೇಬರ. ನಾ ಹೇಳಿದ್ರ ಮನ್ಯಾಗ ಯಾರೂ ನಂಬೂದಿಲ್ಲ.”

ಡಾಕ್ಟರು ಕಾಗದ ತೆಗೆದುಕೊಂಡರು. ಭರಮಪ್ಪ ಮುಂದೆ ಬಂದ.

“ಬ್ಯಾಡ್ರಿ. ನಮ್ಮವ್ವ ಹೇಳಿದ್ದು ಖರೇ ಅನ್ನಾಕ ಚೀಟಿ ಯಾಕ?”

ವೀರವ್ವ ಮಗನ ಮುಖವನ್ನು ಒಂದು ಗಳಿಗೆ ನೋಡಿದಳು.

“ನೀವು ಬರೀರಿ ಸಾಹೇಬರ,” ಎಂದಳು.